ಬಾಲ್ಕನಿಯಲ್ಲಿ ಅಪರೂಪದ ಗಿಡ ಬೆಳೆಸುವ ಆಸೆ. ರೋಸ್ಮೆರಿ, ಒಂದೆಲಗ, ಪುದೀನ ಎಲ್ಲಾ ಒಂದೇ ಕುಂಡದಲ್ಲಿ ಬೆಳೆಸಬಹುದಾ?

ಬೇಡ, ದಯವಿಟ್ಟು ಬೇಡ. ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಬೆಂಗಳೂರು, ನಾಲ್ಕನೇ ಮಹಡಿ, ಪಡುವಣ ಬಿಸಿಲು. ಮೂರಡಿ ಉದ್ದದ ಪ್ಲಾಸ್ಟಿಕ್ ಕುಂಡ. ಒಂದು ತುದಿಗೆ ನರ್ಸರಿಯ ರೋಸ್ಮೆರಿ, ಇನ್ನೊಂದು ತುದಿಗೆ ಶಿರಸಿಯಿಂದ ಆಯಿ (ಅಮ್ಮ) ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ ಒಂದೆಲಗ.

ಒಂದೆಲಗ ಅಡಿಕೆ ತೋಟದ ಕಾಲುವೆ ಬದಿಯದ್ದು, ಕಾಲಡಿ ಸದಾ ತೇವ ಇರಬೇಕು. ರೋಸ್ಮೆರಿ ಮೆಡಿಟರೇನಿಯನ್ ಕಡೆಯ ಒಣ ಕಲ್ಲುಗುಡ್ಡದ್ದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಕುಂಡ ಒಂದೇ ಆದ್ದರಿಂದ ನೀರೂ ಒಂದೇ ಆಗುತ್ತದೆ ಅನ್ನುವುದು ಹೊಳೆಯಲಿಲ್ಲ. ಒಂದೆಲಗ ಬಾಡಿದಾಗೆಲ್ಲ ಒಂದು ಚೊಂಬು ಸುರಿದೆ. ರೋಸ್ಮೆರಿಯ ಕೆಳಗಿನ ಎಲೆ ಕಂದು ತಿರುಗಿತು. ಸೆಕೆಗೆ ಒಣಗುತ್ತಿದೆ ಅಂದುಕೊಂಡು ಇನ್ನೊಂದು ಚೊಂಬು! ನೀರು ಜಾಸ್ತಿಯಾಗಿ ಬೇರು ಕೊಳೆತರೂ ಗಿಡ ಬಾಯಾರಿದ ಹಾಗೇ ಬಾಡುತ್ತದೆ, ಯಾಕೆಂದರೆ ಕೊಳೆತ ಬೇರು ನೀರು ಎಳೆಯುವುದಿಲ್ಲ. ನಾನು ಮೋಸ ಹೋಗಿದ್ದು ಅಲ್ಲೇ. ಸಾಲದ್ದಕ್ಕೆ ಮಣ್ಣು ಬರೀ ಜಿಗುಟು ಕೆಮ್ಮಣ್ಣು, ಮರಳು ಒಂದು ಹಿಡಿಯೂ ಇಲ್ಲ. ವಿಡಿಯೊ ಕಾಲ್‌ನಲ್ಲಿ ನೋಡಿದ ಆಯಿ "ನೀರು ಜಾಸ್ತಿ ಆಯ್ದು ತಮಾ" ಅಂದಳು. ಅವಳು ಜನ್ಮದಲ್ಲಿ ರೋಸ್ಮೆರಿ ನೋಡಿದವಳಲ್ಲ ಅಂತ ನಾನು ಅವಳ ಮಾತು ಕೇಳಲಿಲ್ಲ. ಕಿತ್ತಾಗ ಬೇರು ಕಪ್ಪಗಾಗಿ ನಾರುತ್ತಿತ್ತು.

ಪುದೀನ ಸೇರಿಸಿದರೆ ಇನ್ನೂ ಕಷ್ಟ, ಅದು ಮಣ್ಣಿನೊಳಗೇ ಹಬ್ಬಿ ಉಳಿದವನ್ನು ನುಂಗುತ್ತದೆ.

ಇನ್ನೊಂದು ಮಾತು, ಬೇಜಾರಾದರೂ ಹೇಳುತ್ತೇನೆ. 'ಅಪರೂಪದ ಗಿಡ' ಅಂದರೆ ಪಿಜ್ಜಾದ ಮೇಲಿರುವುದೇ ಯಾಕಾಗಬೇಕು? ದೊಡ್ಡಪತ್ರೆಯ ಒಂದು ಗೇಣು ಕಡ್ಡಿ ಚುಚ್ಚಿ, ಸುಮ್ನೆ ಬಿಡಿ, ಬೇರು ಬರುತ್ತದೆ. ಒರೆಗಾನೊ ಹಾಕುವಲ್ಲಿ ಅದನ್ನೇ ಸಣ್ಣಗೆ ಹೆಚ್ಚಿ ಹಾಕುತ್ತೇನೆ, ನನ್ನ ಮಗಳಿಗೆ ಇಷ್ಟ. ತಂಬುಳಿಗಾದರೆ ಎಲೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ಆಯಿತು. ಒಂದೆಲಗವನ್ನು ನಾವು ಹಸಿಯಾಗೇ ರುಬ್ಬುತ್ತೇವೆ. ಅದರ ಗಿಡವನ್ನು ಅಗಲ ಬೇಸಿನ್‌ನಲ್ಲಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ. ಒಂದೆಲಗಕ್ಕೆ ಬ್ರಾಹ್ಮಿ ಅಂತಲೂ ಹೆಸರಿದೆ, ಆದರೆ ನರ್ಸರಿಯಲ್ಲಿ ಬರೀ 'ಬ್ರಾಹ್ಮಿ' ಅಂತ ಕೇಳಬೇಡಿ, ಪುಟ್ಟ ದಪ್ಪ ಎಲೆಯ ನೀರುಬ್ರಾಹ್ಮಿ ಕೊಟ್ಟಾರು. ಅದು ಬೇರೆಯೇ ಗಿಡ. ಒಂದೆಲಗವಾದರೆ ಉದ್ದ ತೊಟ್ಟಿನ ತುದಿಗೆ ಒಂದೊಂದೇ ದುಂಡನೆ ಎಲೆ ಇರಬೇಕು.

ರೋಸ್ಮೆರಿ ಬೇಕೇ ಬೇಕಾ? ಬೀಜ ತರಿಸಬೇಡಿ, ಮೊಳೆಯುವುದು ಕಷ್ಟ. ಸಸಿಯನ್ನೇ ತನ್ನಿ. ಒಂಟಿ ಮಣ್ಣಿನ ಕುಂಡ, ಅರ್ಧಕ್ಕರ್ಧ ಮರಳು, ಎರಡು ಇಂಚು ಬೆರಳಿಳಿಸಿ ಒಣಗಿದೆ ಅನ್ನಿಸಿದರೆ ಮಾತ್ರ ನೀರು. ನನ್ನ ಎರಡನೆಯದು ಹಾಗೇ ಬದುಕಿದೆ. ವರ್ಷದಲ್ಲಿ ಎರಡು ಸಲ ಆಲೂಗಡ್ಡೆ ಹುರಿಯಲು ಕಿತ್ತಿದ್ದೇವೆ, ಅಷ್ಟೇ.