ಮದುವೆ ಮನೆಯಿಂದ ಬಂದ ಮೇಲೆ ಯಾಕಿಷ್ಟು ಸುಸ್ತು?

ಪ್ರಶ್ನೆ: ನನಗೆ 34 ವರ್ಷ. ಬ್ಯಾಂಕ್‌ನಲ್ಲಿ ಕ್ಯಾಶ್ ಕೌಂಟರ್ ಕೆಲಸ. ನಮ್ಮದು ದೊಡ್ಡ ಕುಟುಂಬ. ಮದುವೆ, ಗೃಹಪ್ರವೇಶ, ಸೀಮಂತ ಅಂತ ವಾರವಾರ ಏನಾದರೂ ಇದ್ದೇ ಇರುತ್ತದೆ. ಹೋದಾಗ ಚೆನ್ನಾಗಿಯೇ ಇರುತ್ತೇನೆ, ಎಲ್ಲರ ಜೊತೆ ನಗುತ್ತೇನೆ. ಮನೆಗೆ ಬಂದ ಮೇಲೆ ಮಗಳು 'ಅಮ್ಮಾ' ಅಂದರೂ ರೇಗುತ್ತೇನೆ. ಈಚೆಗೆ ಛತ್ರದಲ್ಲೇ ಮಾತು ನಿಂತುಹೋಗುತ್ತದೆ. 'ನಿನಗೆ ಜನ ಕಂಡರೆ ಆಗಲ್ಲ' ಅಂತಾರೆ ಅತ್ತೆ. ಬರುವ ತಿಂಗಳು ನಾದಿನಿಯ ಮದುವೆ, ಎರಡು ದಿನ. ಈಗಲೇ ಹೆದರಿಕೆ. ನಾನು ಅಂತರ್ಮುಖಿನಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: 'ಹೋದಾಗ ಚೆನ್ನಾಗಿಯೇ ಇರುತ್ತೇನೆ' ಅಂತ ಬರೆದಿದ್ದೀರಿ. ಜನ ಕಂಡರೆ ಆಗದವರು ಈ ಮಾತು ಬರೆಯುವುದಿಲ್ಲ. ನಿಮಗೆ ಜನ ಬೇಕು. ಅವರ ಹತ್ತಿರ ಹೋಗುವ ಹೊತ್ತಿಗೆ ನಿಮ್ಮಲ್ಲಿ ಶಕ್ತಿ ಉಳಿದಿರುವುದಿಲ್ಲ, ಅಷ್ಟೇ.

ಅಂತರ್ಮುಖಿಯೋ ಅಲ್ಲವೋ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಹಳಷ್ಟು ಮಂದಿ ಆ ಕೊನೆಗೂ ಈ ಕೊನೆಗೂ ನಡುವೆ ಎಲ್ಲೋ ಇರುತ್ತಾರೆ. 2017ರಲ್ಲಿ ಫಿನ್ಲೆಂಡಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 12 ದಿನ, ದಿನಕ್ಕೆ ಹಲವು ಸಲ, ಕೆಲವರ ಮನಸ್ಸು ಹೇಗಿದೆ ಎಂದು ವಿಚಾರಿಸಿದ್ದರು. ಜನರ ಜೊತೆ ಬೆರೆತು ಲವಲವಿಕೆಯಿಂದ ಇದ್ದಾಗ ಆ ಹೊತ್ತಿಗೆ ಖುಷಿ ಆಗುತ್ತಿತ್ತು. ಸುಮಾರು ಮೂರು ಗಂಟೆ ಕಳೆದ ಮೇಲೆ ಸುಸ್ತು ಬರುತ್ತಿತ್ತು. ಮಾತಿನಮಲ್ಲರಿಗೂ ಹೀಗೇ, ಮಾತು ಕಡಿಮೆ ಇರುವವರಿಗೂ ಹೀಗೇ.

ಈಗ ಮಗಳ ವಿಷಯ ನೋಡಿ. ಅವಳು ಏನೂ ಮಾಡಿಲ್ಲ, ನೀವೂ ಕೆಟ್ಟ ತಾಯಿಯಲ್ಲ. ಮಧ್ಯಾಹ್ನ ಛತ್ರದಲ್ಲಿ ಮಾಡಿದ ಖರ್ಚಿನ ಲೆಕ್ಕ ಸಂಜೆ ಮನೆಯಲ್ಲಿ ಬರುತ್ತಿದೆ. ಆ ಹೊತ್ತಿಗೆ ಎದುರಿಗೆ ಇರುವವಳು ಅವಳು.

ಇನ್ನೊಂದು ಖರ್ಚು ನಿಮ್ಮ ಕಣ್ಣಿಗೇ ಬಿದ್ದಿಲ್ಲ ಅನ್ನಿಸುತ್ತದೆ. ಅದು ಕೌಂಟರ್. ಚಲನ್ ತಪ್ಪು ಬರೆದುಕೊಂಡು ಬಂದವರು ನಿಮ್ಮ ಮೇಲೇ ಕೂಗಾಡುತ್ತಾರೆ. ನೀವು ಸಿಟ್ಟು ನುಂಗಿ, 'ಇಲ್ಲಿ ಸರಿ ಮಾಡಿ ಕೊಡಿ ಸರ್' ಅಂತ ನಗುತ್ತೀರಿ. ಹಿಂದೆ ಇನ್ನೂ ಹತ್ತು ಜನ ನಿಂತಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನು ಗಮನಿಸಿ, 1983ರಲ್ಲೇ ಇದನ್ನು ಒಂದು ದುಡಿಮೆ ಎಂದು ಗುರುತಿಸಿದರು. ಒಳಗೆ ಒಂದು ಭಾವನೆ, ಮುಖದ ಮೇಲೆ ಇನ್ನೊಂದು. ಸಂಬಳದ ಚೀಟಿಯಲ್ಲಿ ಇದಕ್ಕೆ ಲೆಕ್ಕವಿಲ್ಲ, ಮೈಗೆ ಮಾತ್ರ ಲೆಕ್ಕ ಇದೆ. ವಾರವೆಲ್ಲ ಹೀಗೆ ನಕ್ಕು, ಭಾನುವಾರ ಮತ್ತೆ ಇನ್ನೂರು ಜನರ ಮುಂದೆ ನಗಬೇಕು ಅಂದರೆ ಯಾರಿಗಾದರೂ ಮಾತು ನಿಂತುಹೋಗುತ್ತದೆ, ಅಲ್ವಾ?

ಹಾಗಾಗಿ ಬದಲಾಗಬೇಕಾದದ್ದು ನಿಮ್ಮ ಸ್ವಭಾವವಲ್ಲ, ದಿನದ ಜೋಡಣೆ. ಎರಡು ವಾರ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಯಾರ ಜೊತೆ, ಎಷ್ಟು ಹೊತ್ತು ಇದ್ದಿರಿ, ಮೂರು ಗಂಟೆ ಬಿಟ್ಟು ಹೇಗಿದ್ದಿರಿ ಅಂತ ಒಂದೇ ಸಾಲು ಬರೆಯಿರಿ. ದಣಿಸುವುದು ಎಲ್ಲ ಜನರೂ ಅಲ್ಲ ಎಂದು ಬೇಗ ಗೊತ್ತಾಗುತ್ತದೆ. ಒಬ್ಬ ಓರಗಿತ್ತಿಯ ಜೊತೆ ಎರಡು ಗಂಟೆ ಕೂತರೂ ಹಗುರ ಇರಬಹುದು. 'ಎರಡನೇದು ಯಾವಾಗ?' ಅಂತ ಕೇಳುವವರ ಜೊತೆ ಹತ್ತು ನಿಮಿಷವೇ ಭಾರ. ಕೆಲಸದಿಂದ ಬಂದು ಫೋನ್ ನೋಡುತ್ತಾ ಕೂರುವುದನ್ನು ವಿಶ್ರಾಂತಿ ಅಂದುಕೊಳ್ಳಬೇಡಿ. ಅಲ್ಲೂ ಜನರೇ, ಅವರ ಮಾತೇ. ಅದರ ಬದಲು ಹತ್ತು ನಿಮಿಷ ಗಿಡಕ್ಕೆ ನೀರು ಹಾಕಿ, ಸುಮ್ನೆ ಮೆಟ್ಟಿಲ ಮೇಲೆ ಕೂತುಕೊಳ್ಳಿ.

ಒಂದು ಎಚ್ಚರಿಕೆ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಖುಷಿ ಇಲ್ಲ, ನಿದ್ದೆ–ಹಸಿವು ಕೆಟ್ಟಿದೆ ಅಂದರೆ ಅದು ಬರೀ ಸುಸ್ತಲ್ಲ. ಜನರ ಎದುರು ಹೋಗುವುದಕ್ಕೇ ಎದೆ ಹೊಡೆದುಕೊಂಡು, ಹೋಗುವುದನ್ನೇ ಬಿಡುತ್ತಿದ್ದೀರಿ ಅಂದರೂ ಅಷ್ಟೇ. ವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನಾದಿನಿಯ ಮದುವೆ. ಸಾಧ್ಯವಾದರೆ ಹಿಂದಿನ ದಿನಕ್ಕೇ ರಜೆ ಹಾಕಿ. ಬಾಗಿಲಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸುವ ಕೆಲಸ ಬೇಡ. ತಾಂಬೂಲದ ಚೀಲ ತುಂಬುವ ಕೆಲಸ ಕೇಳಿ ತೆಗೆದುಕೊಳ್ಳಿ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಡಿಕೆ. ಕೈಗೆ ಕೆಲಸ, ಪಕ್ಕದಲ್ಲಿ ಒಬ್ಬರೋ ಇಬ್ಬರೋ. ಮಾತು ಬಂದರೆ ಆಡಬಹುದು, ಬರದಿದ್ದರೆ ಯಾರೂ 'ಯಾಕೆ ಸಪ್ಪಗಿದ್ದೀಯಾ' ಅನ್ನುವುದಿಲ್ಲ. ಮದುವೆಮನೆಯಲ್ಲಿ ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಅತ್ತೆಗೆ ಈ ವಾರವೇ ಹೇಳಿ, ಛತ್ರದಲ್ಲಿ ಅಲ್ಲ. ಅವರು ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ. 'ಅತ್ತೆ, ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ ಮೇಲಿನ ರೂಮಿನಲ್ಲಿ ಮಲಗಿ ಬರ್ತೀನಿ. ಸಂಜೆ ಆರತಕ್ಷತೆಗೆ ನಿಮ್ಮ ಪಕ್ಕದಲ್ಲೇ ನಿಂತ್ಕೋತೀನಿ.' ಮೊದಲ ವಾಕ್ಯಕ್ಕೆ ಮುಖ ಸಣ್ಣದಾದರೂ ಎರಡನೆಯದನ್ನು ಅವರು ಮರೆಯುವುದಿಲ್ಲ. ಆ ಸಂಜೆ ಅವರೂ ದಣಿದಿರುತ್ತಾರೆ. ಕೂರಲು ಒಂದು ಕುರ್ಚಿ ಎಳೆದು ಕೊಡಿ.