ಅತ್ತೆಯ ಹಟವೋ, ಇಳಿದ ಸಕ್ಕರೆಯೋ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

ತುಮಕೂರು ಕಡೆಯ ಮನೆ. ಅತ್ತೆಗೆ 76 ವರ್ಷ. ಹಳೆಯ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು. ನೋಡಿಕೊಳ್ಳುವವಳು ಸೊಸೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವ ಮಗ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಮಗಳು ದುಬೈನಲ್ಲಿ, ದಿನಕ್ಕೊಂದು ವಿಡಿಯೊ ಕರೆ, ಕರೆಗೊಂದು ಅಪ್ಪಣೆ.

ಗಂಡ ಹೆಂಡತಿ ಆಪ್ತಸಲಹೆಗೆ ಬಂದದ್ದು ಅತ್ತೆಯನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ಸರಿಯೇ ಎಂದು ಕೇಳಲು. ರಾತ್ರಿ ಊಟದ ಹೊತ್ತಿಗೆ ಅತ್ತೆ ಕೆರಳುತ್ತಾರೆ, ತಟ್ಟೆ ತಳ್ಳುತ್ತಾರೆ, ‘ಅನ್ನಕ್ಕೆ ಏನೋ ಬೆರೆಸಿದ್ದೀಯ’ ಎನ್ನುತ್ತಾರೆ. ಬೆಳಿಗ್ಗೆ ಕೇಳಿದರೆ ನೆನಪಿಲ್ಲ. ಸೊಸೆಯ ಪಾಲಿಗೆ ಅದು ನಾಟಕ, ಮಗನ ಪಾಲಿಗೆ ಅರಳುಮರುಳು.

ಹಗಲೆಲ್ಲ ಸರಿಯಿದ್ದವರು ಒಂದೇ ಹೊತ್ತಿನಲ್ಲಿ ಬೇರೆಯವರಾಗುತ್ತಾರೆ ಅಂದರೆ ಮೊದಲು ನೋಡಬೇಕಾದ್ದು ದೇಹವನ್ನು. ಮರೆವಿನ ಕಾಯಿಲೆಯವರೂ ಸಂಜೆ ಕೆರಳುವುದುಂಟು, ಮೂತ್ರದ ಸೋಂಕಿನಲ್ಲೂ ಮಾತು ತಪ್ಪುವುದುಂಟು. ಹಾಗಾಗಿ ಒಂದು ವಾರ ನಾಲ್ಕೇ ವಿಷಯ ಬರೆದಿಡಲು ಹೇಳಲಾಯಿತು: ಇನ್ಸುಲಿನ್ ಕೊಟ್ಟ ಸಮಯ ಮತ್ತು ಯೂನಿಟ್, ಊಟಕ್ಕೆ ಕೂತ ಸಮಯ, ಎಷ್ಟು ತಿಂದರು, ಕೆರಳಿದಾಗ ಗ್ಲುಕೋಮೀಟರ್ ತೋರಿಸಿದ ಅಂಕಿ. ಬೆರಳು ತೊಳೆದು ಒರೆಸಿಯೇ ಚುಚ್ಚಬೇಕು. ಬಾಳೆಹಣ್ಣು ಸುಲಿದ ಕೈಯಲ್ಲಿ ನೋಡಿದರೆ ಅಂಕಿ ಸುಳ್ಳೇ ಏರುತ್ತದೆ.

ದಾಖಲೆ ಬಂದಾಗ ಜಗಳದ ಮೂಲ ಅಲ್ಲೇ ಇತ್ತು. ಮಿಶ್ರ ಇನ್ಸುಲಿನ್ (ಬೇಗ ಕೆಲಸ ಮಾಡುವುದು, ನಿಧಾನದ್ದು ಎರಡೂ ಬೆರೆತದ್ದು) ಸಂಜೆ ಏಳೂವರೆಗೆ, ಊಟ ಒಂಬತ್ತರ ಮೇಲೆ. ಆ ಬಗೆಯ ಇನ್ಸುಲಿನ್ ಚುಚ್ಚಿ ಅರ್ಧ ಗಂಟೆಯೊಳಗೆ ತುತ್ತು ಬಾಯಿಗೆ ಹೋಗಬೇಕು. ಸೋಮವಾರ, ಶನಿವಾರ ಒಪ್ಪತ್ತು. ರಾತ್ರಿ ಬಾಳೆಹಣ್ಣು, ಹಾಲು ಅಷ್ಟೇ, ಯೂನಿಟ್ ಮಾತ್ರ ಎಂದಿನಷ್ಟೇ. ಕೆರಳಿದ ಮೂರು ಸಲದ ಅಂಕಿ 62, 58, 54. 70ಕ್ಕಿಂತ ಕೆಳಗೆ ಹೋದರೆ ಅದು ಲೋ ಶುಗರ್; ಮಿದುಳಿಗೆ ಸಕ್ಕರೆ ಸಾಲದೆ ಸಿಟ್ಟು, ಅನುಮಾನ, ಮಂಕು ಬರುತ್ತವೆ. ವಯಸ್ಸಾದವರಲ್ಲಿ ಮೂತ್ರಪಿಂಡ ನಿಧಾನವಾಗಿದ್ದರೆ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಇವರು ಬಿಪಿಗೆ ನುಂಗುತ್ತಿದ್ದ ಅಟೆನೊಲಾಲ್ ಮಾತ್ರೆ ಎದೆಬಡಿತದ ಎಚ್ಚರಿಕೆಯನ್ನು ಮರೆಮಾಡುತ್ತದೆ, ಬೆವರನ್ನು ಮರೆಮಾಡುವುದಿಲ್ಲ. ‘ಫ್ಯಾನ್ ಕೆಳಗೂ ಹಣೆ ಒದ್ದೆ’ ಎಂದು ಸೊಸೆ ಅಂಚಿನಲ್ಲಿ ಬರೆದಿದ್ದಳು. ಆಮೇಲೆ ಯಾರೂ ನಾಟಕ ಎನ್ನಲಿಲ್ಲ.

ಕೂಡಲೇ ಪಾಲಿಸಲು ಹೇಳಿದ್ದು: 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ, ಏರಿದ ಮೇಲೆ ಊಟ. ಚಾಕಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಬಾಟಲಿ, ಸಿರಿಂಜ್ ಎರಡನ್ನೂ ತರಿಸಿ ನೋಡಿದ್ದಾಯಿತು. ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಏರುತ್ತದೆ ಅಥವಾ ಇಳಿಯುತ್ತದೆ. ಇಲ್ಲಿ ಅದು ಸರಿಯಿತ್ತು. ತಪ್ಪಿದ್ದು ಬಾಟಲಿ ಕುಲುಕುವುದರಲ್ಲಿ: ಮಿಶ್ರ ಇನ್ಸುಲಿನ್ ಅನ್ನು ಅಂಗೈಗಳ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಬೇಕು, ಇಲ್ಲವಾದರೆ ಒಂದು ದಿನ ಒಂದು ಬಲ, ಮರುದಿನ ಇನ್ನೊಂದು.

ಡೋಸ್ ಬದಲಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ದಾಖಲೆ ಹಿಡಿದು ವೈದ್ಯರಲ್ಲಿಗೆ ಕಳಿಸಲಾಯಿತು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳಲು ಹೇಳಿ. ಅವರು ರಾತ್ರಿಯ ಡೋಸ್ ಇಳಿಸಿದರು, ಒಪ್ಪತ್ತಿನ ದಿನಕ್ಕೆ ಬೇರೆ ಯೂನಿಟ್ ಬರೆದುಕೊಟ್ಟರು. ಮಗಳಿಗೆ ಇದು ಹಿಡಿಸಲಿಲ್ಲ. ಅಮ್ಮನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ) 6.2 ಇರುವುದೇ ಆಕೆಯ ಹೆಮ್ಮೆ. ಈ ವಯಸ್ಸಿಗೆ, ಇಷ್ಟು ಕಾಯಿಲೆಗಳ ನಡುವೆ 8ರೊಳಗಿದ್ದರೆ ಸಾಕು ಎಂದು ವೈದ್ಯರೇ ಫೋನಿನಲ್ಲಿ ಹೇಳಬೇಕಾಯಿತು.

ಅತ್ತೆಯನ್ನು ಒಬ್ಬರನ್ನೇ ಕೂರಿಸಿ ಕೇಳಿದಾಗ ತಡ ಊಟದ ಕಾರಣ ಸಿಕ್ಕಿತು. ಮಗ ಬರದೆ ಉಣ್ಣುವುದು ಅವರಿಗೆ ಒಗ್ಗದು. ರೈಲು ತಡವಾದರೆ ಹತ್ತಾದರೂ ಕಾಯುತ್ತಾರೆ. ಇದನ್ನು ಹಟ ಎಂದು ಮುರಿಯಲು ಹೋಗಬಾರದು. ಒಪ್ಪಿಕೊಂಡ ಏರ್ಪಾಡು: ಅಡುಗೆ ಸಿದ್ಧವಾದ ಮೇಲೇ ಸೂಜಿ, ಎಂಟಕ್ಕೆ ಊಟ, ಮಗ ಬಂದಾಗ ಅವನ ಜೊತೆ ಅರ್ಧ ಲೋಟ ಹಾಲು.

ಇನ್ನು ಸೊಸೆಯ ದಣಿವು. ಔಷಧ ಸರಿಹೋದ ಮಾತ್ರಕ್ಕೆ ಅದು ಇಳಿಯದು. ಭಾನುವಾರ ಇಡೀ ದಿನ ಸೂಜಿ, ಕಾಲು ತಪಾಸಣೆ, ಬಟ್ಟೆ ಮಗನ ಪಾಲು. ಮಗಳ ಸೂಚನೆಗಳೆಲ್ಲ ಇನ್ನು ಅಣ್ಣನ ಫೋನಿಗೆ, ಅತ್ತಿಗೆಯ ಫೋನಿಗಲ್ಲ. ಹಗಲಿಗೊಬ್ಬ ಸಹಾಯಕಿ, ಅವಳ ಸಂಬಳ ಕೊಡುವುದು ಮಗಳು. ಏಜೆನ್ಸಿಯವರು ಆರೈಕೆ ಸಹಾಯಕಿಯನ್ನೂ ‘ನರ್ಸ್’ ಎಂದೇ ಕಳಿಸುತ್ತಾರೆ. ಇನ್ಸುಲಿನ್ ಕೊಡಲು ತರಬೇತಿ ಇದೆಯೇ ಎಂದು ಕೇಳಿ, ಇಲ್ಲವಾದರೆ ಆ ಕೆಲಸ ಮನೆಯವರಲ್ಲೇ ಉಳಿಯಲಿ ಎನ್ನಲಾಯಿತು. ಸಹಾಯಕಿಯ ಕೆಲಸದ ಪಟ್ಟಿ ಅಡುಗೆಮನೆಯ ಗೋಡೆಯ ಮೇಲೆ, ಪಾತ್ರೆ ತೊಳೆಯುವುದು ಅದರಲ್ಲಿ ಸೇರದಂತೆ.

ವೃದ್ಧಾಶ್ರಮದ ಮಾತು ಸದ್ಯಕ್ಕೆ ನಿಂತಿದೆ. ಸ್ನಾನಕ್ಕೆ ಸಹಾಯಕಿಯ ಕೈ ಬೇಡ ಎಂದು ಅತ್ತೆ ಪಟ್ಟು ಹಿಡಿದಿದ್ದಾರೆ. ಬಚ್ಚಲಲ್ಲಿ ಹಿಡಿಕಂಬಿ, ಪ್ಲಾಸ್ಟಿಕ್ ಕುರ್ಚಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿ, ಬಾಗಿಲ ಹೊರಗೆ ಸಹಾಯಕಿಯನ್ನು ನಿಲ್ಲಿಸುವುದು ಮುಂದಿನ ಭೇಟಿಯವರೆಗಿನ ಏರ್ಪಾಡು.