ರಕ್ತದ ಕಲೆಗೆ ಕಾಗದದ ಲಕೋಟೆಯೇ ಏಕೆ?

ಪ್ರಶ್ನೆ: ರಕ್ತದ ಕಲೆಯಾದ ಬಟ್ಟೆಯನ್ನು ಪೊಲೀಸರು ಪ್ಲಾಸ್ಟಿಕ್ ಬಿಟ್ಟು ಕಾಗದದ ಲಕೋಟೆಯಲ್ಲಿ ಇಡುವುದೇಕೆ? ಡಿಎನ್‌ಎ ಹೊಂದಿಕೆಯಾದರೂ ಆರೋಪಿ ಬಿಡುಗಡೆಯಾಗುವುದು ಹೇಗೆ?

ಉತ್ತರ: ಡಿಎನ್‌ಎಗೆ ತೇವವೇ ದೊಡ್ಡ ಶತ್ರು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಒಳಗೇ ಬೆವರಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಡಿಎನ್‌ಎ ಚೂರುಚೂರಾಗುತ್ತದೆ. ಹಾಗಾಗಿ ಬಿಸಿಲು ತಾಗದ ಕಡೆ ಪೂರ್ತಿ ಆರಿಸಿ, ಕಾಗದದಲ್ಲಿ ಮಡಚಿ, ಮೊಹರು ಹಾಕಬೇಕು. ಲಕೋಟೆಯ ಅಂಟಿಗೆ ಎಂಜಲು ಹಚ್ಚಲೇಬಾರದು, ಅದರಲ್ಲೂ ಡಿಎನ್‌ಎ ಇದೆ! ಒಂದೊಂದು ವಸ್ತುವಿಗೂ ಬೇರೆ ಲಕೋಟೆ, ಬೇರೆ ಕೈಗವಸು. ಆರೋಪಿಯ ಅಂಗಿಯನ್ನೂ ಮೃತರ ಅಂಗಿಯನ್ನೂ ಒಟ್ಟಿಗೆ ತುರುಕಿದರೆ ಕಲೆ ಯಾವುದರಿಂದ ಯಾವುದಕ್ಕೆ ತಾಗಿತೆಂದು ಆಮೇಲೆ ಹೇಳಲಾಗದು.

ಎರಡನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಪ್ರಯೋಗಾಲಯದ ಹೊರಗೇ ಇರುತ್ತದೆ. ಮಾದರಿ ಯಾರ ಕೈಯಲ್ಲಿ, ಎಷ್ಟು ದಿನ, ಎಲ್ಲಿತ್ತು ಎಂಬ ದಾಖಲೆ ಒಂದು ಕಡೆ ತುಂಡಾದರೂ ವರದಿಯ ಬಲ ಕುಗ್ಗುತ್ತದೆ. ತಮಿಳುನಾಡಿನ ಕೊಲೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಇದನ್ನೇ ಒತ್ತಿ ಹೇಳಿತು: ಸಂಗ್ರಹಿಸಿದ 48 ಗಂಟೆಯೊಳಗೆ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯ ತಲುಪಬೇಕು, ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ (ಪೊಲೀಸರ ತನಿಖಾ ದಿನಚರಿಯಲ್ಲಿ) ಬರೆಯಬೇಕು, ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ ಮೊಹರು ಒಡೆಯುವಂತಿಲ್ಲ. ಈ ಕಟ್ಟುನಿಟ್ಟು ಬಹಳ ಹಿಂದೆಯೇ ಬರಬೇಕಿತ್ತು.

ಇನ್ನೊಂದು ಮಾತು. ಡಿಎನ್‌ಎ ಹೊಂದಿಕೆಯಾದರೆ ಕಲೆ ಯಾರದೆಂದು ತಿಳಿಯುತ್ತದೆ, ಅಷ್ಟೆ. ಅದು ಯಾವಾಗ, ಹೇಗೆ ಬಿತ್ತೆಂಬುದನ್ನು ಬೇರೆ ಸಾಕ್ಷ್ಯವೇ ಹೇಳಬೇಕು.